ಅಪಸ್ಮಾರ ಮತ್ತು ನಿದ್ರಾನಾಶಕ್ಕೆ ಸಸ್ಯೌಷಧ: ಕೊಪ್ಪಳ ಪ್ರದೇಶದ ವೈದ್ಯ ಪರಂಪರೆಯ ಒಂದು ಅವಲೋಕನ

ರಾಯಚೂರು ಜಿಲ್ಲೆಯಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳನ್ನು ಬೇರ್ಪಡಿಸಿ 1997ರಲ್ಲಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಜಿಲ್ಲೆ ಹೊಸದಾದರೂ ನೆಲ ಪ್ರಾಚೀನವಾದುದು. 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣವೇ ಇಂದಿನ ಕೊಪ್ಪಳ. ಇಲ್ಲಿಯ ಶಾಸನಗಳು, ಬಸದಿಗಳು, ದೇವಾಲಯಗಳ ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಈ ನೆಲದ ವೈದ್ಯ ಪರಂಪರೆಗೆ ಅಷ್ಟು ಗಮನ ದೊರೆತಿಲ್ಲ. ಅಪಸ್ಮಾರ ಮತ್ತು ನಿದ್ರಾನಾಶ ಎಂಬ ಎರಡು ತೊಂದರೆಗಳಿಗೆ ಬಳಕೆಯಲ್ಲಿ ಬಂದ ಸಸ್ಯಗಳ ಮೂಲಕ ಆ ಪರಂಪರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಂಪರೆಯ ಪದರಗಳು

ಈ ಭಾಗದ ವೈದ್ಯವು ಒಂದೇ ಮೂಲದಿಂದ ಹರಿದುಬಂದುದಲ್ಲ. ಮೊದಲ ಪದರ ಜೈನರದು. ಕೊಪಣವು ಜೈನರ ಮಹಾತೀರ್ಥವಾಗಿದ್ದ ಶತಮಾನಗಳಲ್ಲೇ ಕರ್ನಾಟಕದಲ್ಲಿ ಜೈನ ವೈದ್ಯಗ್ರಂಥಗಳು ರಚನೆಗೊಂಡವು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನ ಸಂಸ್ಕೃತ 'ಕಲ್ಯಾಣಕಾರಕ' ಮತ್ತು ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ನಾಟಕ ಕಲ್ಯಾಣಕಾರಕ' ಇವುಗಳಲ್ಲಿ ಪ್ರಮುಖವಾದವು. ಮದ್ಯ, ಮಾಂಸ, ಮಧುಗಳನ್ನು ಔಷಧದಲ್ಲಿ ವರ್ಜಿಸಿದುದು ಜೈನ ವೈದ್ಯದ ವೈಶಿಷ್ಟ್ಯ. ಸಂಸ್ಕೃತ ವೈದ್ಯಗ್ರಂಥಗಳು ಬಜೆಯ ಪುಡಿಯನ್ನು ಜೇನಿನೊಡನೆ ಅಪಸ್ಮಾರಕ್ಕೆ ವಿಧಿಸುತ್ತವೆ. ಜೇನನ್ನು ಮುಟ್ಟದ ವೈದ್ಯನು ಅನುಪಾನವನ್ನು ಬದಲಿಸಲೇಬೇಕಾಗಿತ್ತು. ಅವನ ಅವಲಂಬನೆ ಸಸ್ಯಗಳ ಮೇಲೆಯೇ ಹೆಚ್ಚಿತೆಂದು ಊಹಿಸಬಹುದು.

ಎರಡನೆಯದು ಆಯುರ್ವೇದದ ಮುಖ್ಯಧಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹತ್ತನೆಯ ಅಧ್ಯಾಯ ಅಪಸ್ಮಾರಕ್ಕೆ ಮೀಸಲು. ವಾತ, ಪಿತ್ತ, ಕಫ, ಸನ್ನಿಪಾತ ಎಂದು ಅದರ ನಾಲ್ಕು ಬಗೆಗಳನ್ನು ವಿವರಿಸಿ ಪಂಚಗವ್ಯಘೃತ, ಬ್ರಾಹ್ಮೀಘೃತಗಳನ್ನು ಅಲ್ಲಿ ಹೇಳಲಾಗಿದೆ. ನಿದ್ರೆಯ ವಿಚಾರ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಬರುತ್ತದೆ. ನಿದ್ದೆ ಬಾರದವರಿಗೆ ಅಭ್ಯಂಗ, ಸ್ನಾನ, ಹಾಲು, ಮನಸ್ಸಿಗೆ ಹಿತವಾದ ಪರಿಸರಗಳನ್ನು ಸೂಚಿಸಿರುವುದು ಗಮನಾರ್ಹ.

ಮೂರನೆಯದು ಯುನಾನಿ. ಈ ಪ್ರದೇಶ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರಜಂಗರ ಜಹಗೀರಿಗೆ ಸೇರಿದ್ದವು. ಹೈದರಾಬಾದು ಯುನಾನಿಯ ದೊಡ್ಡ ಕೇಂದ್ರವಾಗಿತ್ತು. ಹಕೀಮರು ಅಪಸ್ಮಾರವನ್ನು 'ಸರಾ' ಎಂದು ಕರೆದರು. ನಿದ್ದೆಗಾಗಿ ಕಾಹು ಬೀಜದ ಎಣ್ಣೆ, ಖಸ್‌ಖಸ್ ಮೊದಲಾದವನ್ನು ಬಳಸಿದರು. ಆಯುರ್ವೇದದ ಅಶ್ವಗಂಧವೇ ಅವರ ಅಸಗಂಧ್. ಇವೆಲ್ಲಕ್ಕೂ ತಳದಲ್ಲಿ ಮನೆಮದ್ದಿನ ಪದರವಿದೆ. ನೆತ್ತಿಗೆ, ಅಂಗಾಲಿಗೆ ಔಡಲೆಣ್ಣೆ ತಿಕ್ಕುವುದು, ಗಸಗಸೆ ಪಾಯಸ, ಹಾಲಿನಲ್ಲಿ ತೇಯ್ದ ಜಾಜಿಕಾಯಿ ಇವು ಗ್ರಂಥಗಳನ್ನು ಓದದ ತಾಯಂದಿರ ಕೈಯಲ್ಲಿ ಉಳಿದುಬಂದವು.

ನೆಲ, ಸಸ್ಯ ಮತ್ತು ಹೆಸರು

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಈ ಎರೆ ಮತ್ತು ಮಸಾರಿ ಭೂಮಿಯಲ್ಲಿ ಎಲ್ಲ ಮೂಲಿಕೆಗಳೂ ಬೆಳೆಯಲಾರವು. ಹಿರೇಮದ್ದು ಎಂದು ಕರೆಯುವ ಅಶ್ವಗಂಧ ಮತ್ತು ನೆಲಕ್ಕೆ ಹಬ್ಬುವ ವಿಷ್ಣುಕ್ರಾಂತಿ ಒಣನೆಲಕ್ಕೆ ಒಗ್ಗಿದವು. ಬ್ರಾಹ್ಮಿ ಮತ್ತು ಬಜೆ ತೇವವನ್ನು ಬೇಡುತ್ತವೆ; ಸರ್ಪಗಂಧ ಕಾಡಿನ ನೆರಳನ್ನು ಬಯಸುತ್ತದೆ. ಆದುದರಿಂದ ಇಲ್ಲಿಯ ವೈದ್ಯನ ಚೀಲದಲ್ಲಿ ಹೊಲದ ಬದುವಿನಿಂದ ಕಿತ್ತ ಬೇರಿನ ಜೊತೆಗೆ ಪೇಟೆಯಿಂದ ತಂದ ಬೇರೂ ಇರಬೇಕಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಪೂರ್ಣಗೊಂಡ ಬಳಿಕ ಗಂಗಾವತಿಯ ಬಯಲು ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯಾಶ್ರಿತವಾಗಿಯೇ ಉಳಿದವು. ಬೀಳುಭೂಮಿ ಗದ್ದೆಯಾದಲ್ಲಿ ಒಣನೆಲದ ಮೂಲಿಕೆಗೆ ನೆಲೆ ತಪ್ಪುತ್ತದೆ.

ಹೆಸರಿನ ಗೊಂದಲವೂ ಸಣ್ಣದಲ್ಲ. ಬ್ರಾಹ್ಮಿ ಎಂದರೆ ಕನ್ನಡಿಗರಲ್ಲಿ ಹಲವರಿಗೆ ಒಂದೆಲಗ. ಗ್ರಂಥಾಧಾರದಿಂದ ಹಲವು ವಿದ್ವಾಂಸರು ಒಪ್ಪುವುದು ನೀರುಬ್ರಾಹ್ಮಿಯನ್ನು. ಇವೆರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಶಂಖಪುಷ್ಪಿ ಎಂಬ ಹೆಸರಿನಲ್ಲಂತೂ ವಿಷ್ಣುಕ್ರಾಂತಿ, ಶಂಖಪುಷ್ಪದ ಬಳ್ಳಿ ಸೇರಿದಂತೆ ಮೂರು ನಾಲ್ಕು ಸಸ್ಯಗಳು ಬಳಕೆಯಲ್ಲಿವೆ. ಹೆಸರನ್ನಷ್ಟೇ ಬರೆದುಕೊಂಡ ಕ್ಷೇತ್ರಕಾರ್ಯ ಇಂಥಲ್ಲಿ ನಿಷ್ಫಲವಾಗುತ್ತದೆ.

ಒಂದೇ ವರ್ಗ, ಎರಡು ರೋಗ

ಮೇಲಿನ ಸಸ್ಯಗಳಲ್ಲಿ ಹೆಚ್ಚಿನವು ಅಪಸ್ಮಾರಕ್ಕೂ ನಿದ್ರಾನಾಶಕ್ಕೂ ಹೇಳಲ್ಪಟ್ಟಿವೆ. ಮನಸ್ಸನ್ನು ಶಮನಗೊಳಿಸುವ ಮದ್ದುಗಳನ್ನು ಪರಂಪರೆಯು ಒಂದೇ ವರ್ಗದಲ್ಲಿ ಇರಿಸಿತು. ಇದರಲ್ಲಿ ಒಂದು ಸೂಕ್ಷ್ಮ ಅನುಭವವಿದೆ. ನಿದ್ದೆಗೆಟ್ಟರೆ ಸೆಳವು ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಇಂದಿನ ನರವಿಜ್ಞಾನವೂ ಒಪ್ಪುತ್ತದೆ. ಆದರೆ ಒಂದಕ್ಕೆ ಹಿತವಾದುದು ಇನ್ನೊಂದಕ್ಕೂ ಹಿತವೆಂಬ ತೀರ್ಮಾನ ಪ್ರಯೋಗದಲ್ಲಿ ನಿಲ್ಲಲಿಲ್ಲ.

ಸರ್ಪಗಂಧದ ಇತಿಹಾಸ ಇದಕ್ಕೆ ಸ್ಪಷ್ಟ ನಿದರ್ಶನ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಉನ್ಮಾದ ಹಾಗೂ ಅಧಿಕ ರಕ್ತದೊತ್ತಡದಲ್ಲಿ ಅದರ ಗುಣವನ್ನು ಪ್ರಕಟಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟು ಜಗತ್ತಿನ ಔಷಧವಾಯಿತು. ಜನಪದ ವೈದ್ಯದಲ್ಲಿ ನಿದ್ದೆಗೂ ಮೂರ್ಛೆರೋಗಕ್ಕೂ ಬಳಕೆಯಾದ ಬೇರು ಇದು. ಆದರೆ ರಿಸರ್ಪಿನ್ ಮಿದುಳಿನಲ್ಲಿ ಸೆಳವಿಗೆ ಇರುವ ತಡೆಯನ್ನು ತಗ್ಗಿಸುತ್ತದೆ. ಆದುದರಿಂದ ಅಪಸ್ಮಾರವುಳ್ಳವರಿಗೆ ಅದನ್ನು ಕೊಡುವಲ್ಲಿ ಎಚ್ಚರಿಕೆ ಅಗತ್ಯವಾಯಿತು.

ಎರಡನೆಯ ನಿದರ್ಶನ 1992ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನ. ಫೆನಿಟೋಯಿನ್ ಸೇವಿಸುತ್ತಿದ್ದ ಇಬ್ಬರು ರೋಗಿಗಳಲ್ಲಿ ಶಂಖಪುಷ್ಪಿಯ ಸಿದ್ಧೌಷಧ ಸೇರಿದಾಗ ಸೆಳವಿನ ನಿಯಂತ್ರಣ ತಪ್ಪಿತು. ಇಲಿಗಳ ಮೇಲಿನ ಪ್ರಯೋಗದಲ್ಲಿ, ಆ ಔಷಧವನ್ನು ಪುನಃ ಪುನಃ ಕೊಟ್ಟಾಗ ರಕ್ತದಲ್ಲಿ ಫೆನಿಟೋಯಿನ್ ಪ್ರಮಾಣ ಕುಗ್ಗಿತು. ಸಸ್ಯವು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಸಸ್ಯೌಷಧವು ಆಧುನಿಕ ಗುಳಿಗೆಯೊಡನೆ ಒಡಲಲ್ಲಿ ಕೂಡಿದಾಗ ಏನಾಗುವುದೆಂಬ ಪ್ರಶ್ನೆ ಪರಂಪರೆಯ ಮುಂದೆ ಹಿಂದೆ ಇರಲಿಲ್ಲ. ಬಜೆಯಲ್ಲಿಯ ಬೀಟಾ ಆಸರೋನ್ ಪ್ರಯೋಗಪ್ರಾಣಿಗಳಲ್ಲಿ ಅರ್ಬುದವನ್ನುಂಟುಮಾಡಿದುದರಿಂದ ಅಮೆರಿಕವು 1968ರಲ್ಲಿ ಅದನ್ನು ಆಹಾರದಲ್ಲಿ ನಿಷೇಧಿಸಿತು.

ನಿದ್ರೆಯ ವಿಷಯದಲ್ಲಿ ಫಲ ಭಿನ್ನವಾಗಿದೆ. ಅಶ್ವಗಂಧದ ಸಸ್ಯಶಾಸ್ತ್ರೀಯ ಹೆಸರಿನ ಎರಡನೆಯ ಪದ 'ಸೋಮ್ನಿಫೆರಾ'. ನಿದ್ದೆ ತರುವುದು ಎಂದು ಅದರ ಅರ್ಥ. 400 ಜನರನ್ನೊಳಗೊಂಡ ಐದು ಚಿಕಿತ್ಸಾ ಪ್ರಯೋಗಗಳ 2021ರ ಸಮಗ್ರ ವಿಶ್ಲೇಷಣೆಯಲ್ಲಿ ಅದು ನಿದ್ದೆಯನ್ನು ಅಲ್ಪ ಪ್ರಮಾಣದಲ್ಲಿ ಸುಧಾರಿಸಿದುದು ಕಂಡುಬಂದಿದೆ. ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿರುವುದರಿಂದ ಇದನ್ನೂ ನಿರಪಾಯಕಾರಿ ಎನ್ನಲಾಗದು.

ಸಮಾರೋಪ

ಅಪಸ್ಮಾರ ಕೇವಲ ವೈದ್ಯಕೀಯ ಪ್ರಶ್ನೆಯಾಗಿರಲಿಲ್ಲ. ಶಿವನ ಪಾದದಡಿಯ ಕುಬ್ಜನಿಗೆ ಅಪಸ್ಮಾರನೆಂಬ ಹೆಸರಿತ್ತ ಸಂಸ್ಕೃತಿಯಲ್ಲಿ ರೋಗಿಯು ಮರುಕಕ್ಕೆ ಪಾತ್ರನಾದಂತೆ ದೂಷಣೆಗೂ ಗುರಿಯಾದನು. ಬರೆ ಹಾಕುವುದು, ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಚಿಕಿತ್ಸೆಯೆನಿಸಿದವು. ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಅಪಸ್ಮಾರದ ನಿರ್ಬಂಧ ರದ್ದಾದುದು 1999ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರ 2004ರ ಸಮೀಕ್ಷಾ ವರದಿಯಂತೆ ಸಾವಿರ ಜನರಲ್ಲಿ ಅಪಸ್ಮಾರವುಳ್ಳವರ ಸಂಖ್ಯೆ ನಗರದಲ್ಲಿ 5.7, ಗ್ರಾಮಾಂತರದಲ್ಲಿ 11.9. ಸರಿಯಾದ ಚಿಕಿತ್ಸೆ ದೊರೆತರೆ ಶೇಕಡಾ 70ರಷ್ಟು ಜನ ಸೆಳವಿಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರನ್ನು ನಂಬಿ ಗುಳಿಗೆಯನ್ನು ಹಠಾತ್ತನೆ ಬಿಟ್ಟವರಿಗೆ ಪ್ರಾಣಾಪಾಯವೂ ಸಂಭವಿಸಬಹುದು.

ಹೀಗೆಂದು ನಾಟಿವೈದ್ಯರ ಅರಿವನ್ನು ಕಡೆಗಣಿಸಲಾಗದು. ಹಿರಿಯ ವೈದ್ಯರು ಇಲ್ಲವಾಗುತ್ತಿದ್ದಂತೆ ಆ ಅರಿವೂ ಇಲ್ಲವಾಗುತ್ತದೆ. ಕೊಪ್ಪಳದಲ್ಲಿ ಆಯುರ್ವೇದ ಮಹಾವಿದ್ಯಾಲಯವಿದೆ. ನದಿಯಾಚೆ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ತಾಲೂಕುವಾರು ಸಸ್ಯದ ಒಣಮಾದರಿ, ಸ್ಥಳೀಯ ಹೆಸರು, ಬಳಸಿದ ಭಾಗ, ಪ್ರಮಾಣ, ಅನುಪಾನ, ಪಥ್ಯ ಮತ್ತು ಯಾವ ರೋಗಲಕ್ಷಣಕ್ಕೆ ಎಂಬ ವಿವರಗಳನ್ನು ಒಟ್ಟಿಗೆ ದಾಖಲಿಸುವ ಕಾರ್ಯ ಇಲ್ಲಿಂದಲೇ ಆರಂಭವಾಗಬೇಕು. ಪರಂಪರೆಯು ಒಂದೆಡೆ ಇರಿಸಿದ ಎರಡು ರೋಗಗಳನ್ನು ದಾಖಲೆಯಲ್ಲಿ ಬೇರೆಬೇರೆಯಾಗಿ ನಮೂದಿಸುವುದು ಅದರ ಮೊದಲ ಹೆಜ್ಜೆ.