ಊರ ಗಾಡಿ, ದೂರದ ಲಾರಿ

ನಾಗಮಂಗಲದ ಕಡೆಯಿಂದ ಬರುವ ರಸ್ತೆ ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ಸೇರುವ ಜಾಗವೇ ಬೆಳ್ಳೂರು ಕ್ರಾಸ್. ನಸುಕಿನಲ್ಲಿ ಇಲ್ಲಿ ಚಹಾ ಕುಡಿಯಲು ನಿಲ್ಲುವ ಚಾಲಕರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬ ಹಳ್ಳಿಗಳ ಡೇರಿಯಿಂದ ಹಾಲು ಒಯ್ಯುವವನು. ಬಿಸಿಲೇರುವ ಹೊತ್ತಿಗೆ ಮನೆಯಲ್ಲಿ ಮುದ್ದೆ ಉಣ್ಣುತ್ತಾನೆ. ಇನ್ನೊಬ್ಬ ಲಾರಿಯ ಟೈರುಗಳನ್ನು ತಟ್ಟಿ ನೋಡಿ, ಹಗ್ಗ ಬಿಗಿದು, ಮತ್ತೆ ಹತ್ತು ಹನ್ನೆರಡು ದಿನ ಮನೆಯ ಮುಖ ನೋಡದವನು. ಇಬ್ಬರೂ ಒಂದೇ ಹೋಬಳಿಯವರು, ಒಂದೇ ಶಾಲೆಯ ಬೆಂಚಿನವರು ಆಗಿರಬಹುದು. ಅವನೇಕೆ ಉಳಿದ, ಇವನೇಕೆ ಹೊರಟ?

ದುಡ್ಡಿನ ಆಸೆ ಎಂದುಬಿಡುವುದು ಸುಲಭ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆ ಲಾರಿಗಿಂತ ಬಹಳ ಹಳೆಯದು. ಗಾಡಿ ಹೊಡೆಯುವವನು ಎಷ್ಟು ದೂರ ಹೋಗಬೇಕು ಎಂಬುದನ್ನು ಇಲ್ಲಿ ಹೆಚ್ಚಾಗಿ ತೀರ್ಮಾನಿಸಿರುವುದು ಅವನ ಆಸೆಯಲ್ಲ, ಕಾವೇರಿಯ ನೀರು.

ಮೈಸೂರು ಅರಸರ ಕಾಲದಲ್ಲಿ ದೂರದ ಸಾಗಣೆ ಎಂದರೆ ದಂಡಿನ ಸಾಗಣೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಅರಮನೆಯ ದನಗಳ ಇಲಾಖೆಯಾಗಿತ್ತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಹಾಲು ಬೆಣ್ಣೆಯ ಹೆಸರಿದ್ದರೂ ಅದರ ಮುಖ್ಯ ಫಸಲು ತೋಪು ಎಳೆಯುವ ಎತ್ತುಗಳು. ಈ ಎತ್ತುಗಳ ಬಲದಿಂದ ಹೈದರ್ ಅಲಿ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರದ ನೆರವಿಗೆ ಧಾವಿಸಿದನೆಂದು ಬ್ರಿಟಿಷರು ಬೆರಗಿನಿಂದ ಬರೆದಿಟ್ಟಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ತಡಮಾಡದೆ ವಶಕ್ಕೆ ತೆಗೆದುಕೊಂಡವುಗಳಲ್ಲಿ ಈ ದನಗಳ ಹಿಂಡೂ ಒಂದು.

ಎತ್ತು ಸೋತರೆ ಏನಾಗುತ್ತದೆ ಎಂಬುದನ್ನು ಅವರು ಅಷ್ಟರಲ್ಲಾಗಲೇ ಇದೇ ನೆಲದಲ್ಲಿ ಕಲಿತಿದ್ದರು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದು, ಶ್ರೀರಂಗಪಟ್ಟಣದ ಹೊರಗೆ ನಡೆದ ಕಾಳಗದಲ್ಲಿ ಗೆದ್ದ. ಗೆದ್ದೂ ಕೋಟೆಗೆ ಮುತ್ತಿಗೆ ಹಾಕಲಾಗಲಿಲ್ಲ. ಮೇವಿಲ್ಲದೆ, ರೋಗ ತಗಲಿ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಸಿಪಾಯಿಗಳೇ ಹಗ್ಗ ಹಿಡಿದು ತೋಪುಗಳನ್ನು ಎಳೆಯಬೇಕಾಯಿತು. ಕೊನೆಗೆ ಕನ್ನಂಬಾಡಿಯ ಬಳಿ ತನ್ನ ಭಾರಿ ತೋಪುಗಳನ್ನು ತಾನೇ ಒಡೆದುಹಾಕಿಸಿ ಹಿಂದಿರುಗಿದ. ಮೇಲುಕೋಟೆಯ ದಾರಿಯಲ್ಲಿ ಮರಾಠರ ದಂಡು ಎದುರಾಗಿ, ಅದರ ಜೊತೆಗಿದ್ದ ಬಂಜಾರರ ಹೇರೆತ್ತುಗಳ ಧಾನ್ಯ ಸಿಗದೇ ಹೋಗಿದ್ದರೆ ಆ ಸೇನೆಯ ಗತಿ ಇನ್ನೂ ಕೆಡುತ್ತಿತ್ತು. ಹಸಿದ ಸೇನೆಗೆ ಬಂಜಾರರು ಮಾರಿದ ದರವೂ ಸಾಮಾನ್ಯದ್ದಾಗಿರಲಿಲ್ಲ. ದೂರದಿಂದ ಸರಕು ತಂದವನು ದರ ಹೇಳುವುದು, ಕೊಳ್ಳುವವನು ಕೊರಗುವುದು ಇಂದಿನ ಮಾತೇನಲ್ಲ.

ಇಂಥ ದೂರದ ಸಾಗಣೆ ಬಂಜಾರರದು, ದಂಡಿನವರದು. ಊರ ಒಕ್ಕಲಿಗನ ಗಾಡಿಗೆ ಬೇರೆ ಲೆಕ್ಕ. ಹೇರು ತುಂಬಿದ ಎತ್ತಿನ ಗಾಡಿ ಒಂದು ರಾತ್ರಿಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಸಾಗಿದರೆ ಹೆಚ್ಚು. ನಾಗಮಂಗಲದಿಂದ ಮೈಸೂರಿಗೆ ಸುಮಾರು 60 ಕಿ.ಮೀ. ಎಂದರೆ ಮೂರು ರಾತ್ರಿಯ ದಾರಿ. ಸುಗ್ಗಿ ಮುಗಿದು ಎತ್ತು ಬಿಡುವಾದಾಗ ಮಾತ್ರ ಬಾಡಿಗೆಗೆ ಹೋಗುತ್ತಿದ್ದ ಈ ಗಾಡಿಗಾರ ಮೊದಲ ಮಳೆ ಬಿದ್ದೊಡನೆ ಊರಲ್ಲಿರುತ್ತಿದ್ದ. ಹೊಲ ಮೊದಲು, ಬಾಡಿಗೆ ಆಮೇಲೆ. 1876–78ರ ಭೀಕರ ಕ್ಷಾಮದಲ್ಲಿ ಎತ್ತುಗಳೇ ಸತ್ತಾಗ, ಮದರಾಸಿನಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸುವುದೇ ಕಷ್ಟವಾಯಿತು. ಬೆಂಗಳೂರು–ಮೈಸೂರು ರೈಲು ದಾರಿ ಆ ಬರದ ಬೆನ್ನಲ್ಲೇ, 1880ರ ದಶಕದ ಆರಂಭದಲ್ಲಿ ಬಂತು. ಇಂದಿನ ಪಾಂಡವಪುರ ನಿಲ್ದಾಣದ ಅಂದಿನ ಹೆಸರು ಫ್ರೆಂಚ್ ರಾಕ್ಸ್. ರೈಲಿನಿಂದ ಗಾಡಿಗಾರನ ದಾರಿ ಇನ್ನಷ್ಟು ಮೊಟಕಾಯಿತು. ನಿಲ್ದಾಣದವರೆಗೆ ಹೇರು ಹೊಡೆದರೆ ಸಾಕು.

ತೋಪು ಒಡೆದ ಕನ್ನಂಬಾಡಿಯಲ್ಲೇ 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆ ಕೆಲಸ ಶುರುವಾಯಿತು. ಎರಡು ದಶಕ ನಡೆದ ಕೆಲಸ. ಹಳೆಯ ಕನ್ನಂಬಾಡಿ ನೀರಲ್ಲಿ ಮುಳುಗಿತು, ಅತ್ತ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಎಂಬ ಹೊಸ ಜಿಲ್ಲೆ, ಆಮೇಲೆ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ. ಕಬ್ಬು ಕಡಿದ ಮೇಲೆ ತಡಮಾಡಿದರೆ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಹಾಗಾಗಿ ಕಬ್ಬಿನ ಸೀಮೆಗೆ ಹತ್ತಿರದ ಗಾಡಿಗಳು ಬೇಕೇ ಬೇಕು. ಮರದ ಗಾಲಿಯ ಗಾಡಿ ಹೋಗಿ ಟೈರ್ ಗಾಡಿ ಬಂತು, ಅದು ಹೋಗಿ ಎರಡು ಟ್ರೇಲರ್‌ಗಳ ಟ್ರ್ಯಾಕ್ಟರ್ ಬಂತು. ಹೊಡೆಯುವವನು ಮಾತ್ರ ಊರಿನವನೇ, ಮಲಗುವುದು ಮನೆಯಲ್ಲೇ.

ಆದರೆ ನಾಲೆ ಎಲ್ಲರ ಮನೆ ಮುಂದೆ ಹರಿಯಲಿಲ್ಲ. ಶ್ರೀರಂಗಪಟ್ಟಣಕ್ಕೂ ಪಾಂಡವಪುರದ ಬಹುಭಾಗಕ್ಕೂ ನೀರು ಸಿಕ್ಕಿತು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ಹಳೆಯ ಅಣೆಕಟ್ಟೆಗಳಾದ ಮಂದಗೆರೆ, ಹೇಮಗಿರಿಗಳ ಆಸುಪಾಸು ಹಸಿರು, ಉಳಿದದ್ದು ಮಳೆ ನಂಬಿದ ಹೊಲ. ನಾಗಮಂಗಲವಂತೂ ರಾಗಿ, ಹುರುಳಿ, ತೆಂಗಿನ ಬಯಲು. ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಆದ ಮೇಲೂ ಈ ಕಡೆಗೆ ನೀರು ಬಂದದ್ದು ನಿಧಾನವಾಗಿ, ಅಲ್ಲಿಷ್ಟು ಇಲ್ಲಿಷ್ಟು. ಗದ್ದೆ ಸೀಮೆಯವನಿಗೆ ಕೆಲಸ ಊರಲ್ಲೇ ಇತ್ತು. ಒಣ ಸೀಮೆಯವನು ಬೇಸಿಗೆಯಲ್ಲಿ ಕೈ ಕಟ್ಟಿ ಕೂರಬೇಕು, ಇಲ್ಲವೇ ಹೊರಡಬೇಕು. ಹೀಗೆ ಹೊರಟವರಲ್ಲಿ ಅನೇಕರು ಮುಂಬೈ ಸೇರಿ ಹೋಟೆಲುಗಳಲ್ಲಿ ದುಡಿದರು, ರಿಕ್ಷಾ ಓಡಿಸಿದರು. ಇನ್ನು ಕೆಲವರು ಲಾರಿ ಹತ್ತಿದರು.

ಲಾರಿ ಹತ್ತುವುದೆಂದರೆ ಮೊದಲು ಕ್ಲೀನರ್ ಆಗಿ. ಜಮ್‌ಶೆಡ್‌ಪುರದಲ್ಲಿ ಟಾಟಾ–ಮರ್ಸಿಡಿಸ್ ಲಾರಿಗಳು ತಯಾರಾಗತೊಡಗಿದ್ದು 1954ರಲ್ಲಿ. ಆದರೂ ಲಾರಿಗೆ ನಿಜವಾದ ದೂರ ಸಿಕ್ಕಿದ್ದು ಎಂಜಿನ್‌ನಿಂದಲ್ಲ, ಕಾಗದದಿಂದ. ಮೊದಲೆಲ್ಲ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಪರವಾನಗಿಯ ಗೋಜಲು. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ ಬಂತು, 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆದುಹಾಕಿತು. ಮಂಡ್ಯದ ಮಾರುಕಟ್ಟೆಯ ಅಚ್ಚು ಬೆಲ್ಲ, ಕುರಿಕಟ್ಟು ಬೆಲ್ಲ, ಬಕೆಟ್ ಬೆಲ್ಲಗಳು ಉತ್ತರದ ರಾಜ್ಯಗಳ ದಾರಿ ಹಿಡಿದವು. ಪಕ್ಕದ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬೈ, ದೆಹಲಿಗಳಿಗೆ ಲಾರಿಗಳು ಹೊರಡುತ್ತವೆ.

ದೆಹಲಿ ಇಲ್ಲಿಂದ ಸುಮಾರು 2,200 ಕಿ.ಮೀ. ದಿನಕ್ಕೆ 400 ಕಿ.ಮೀ. ಹಿಡಿದರೂ ಒಬ್ಬನೇ ಚಾಲಕನಿಗೆ ಐದಾರು ದಿನದ ಕೆಲಸ. ಎಳನೀರು ಕಾಯುವ ಸರಕಲ್ಲ. ತಡವಾದರೆ ಬಾಡಿಗೆಯಲ್ಲಿ ಕಡಿತ, ಜೊತೆಗೆ ಮಾತು. ಹೋಗುವಾಗ ಇಷ್ಟು ಅವಸರವಾದರೆ ಬರುವಾಗ ಅದರ ತಿರುವುಮುರುವು. ವಾಪಸು ಲೋಡ್ ಸಿಗುವವರೆಗೆ ಅಲ್ಲೆಲ್ಲೋ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಒಂದು ದಿನವೋ ಮೂರು ದಿನವೋ ಕಾಯಬೇಕು. ಖಾಲಿ ಬಂದರೆ ಮಾಲೀಕನಿಗೆ ನಷ್ಟ, ಕಾದರೆ ಚಾಲಕನ ಊಟದ ಖರ್ಚು ಅವನದೇ ಭತ್ಯೆಯಿಂದ. ತಿಂಗಳ ಸಂಬಳ ಎಂದು ಒಂದಿಷ್ಟು, ಟ್ರಿಪ್ಪಿಗೆ ಭತ್ಯೆ ಎಂದು ಒಂದಿಷ್ಟು, ಡೀಸೆಲ್ ಉಳಿಸಿದರೆ ಅದರಲ್ಲಿ ಒಂದಿಷ್ಟು. ಹೀಗೆ ಕೈಗೆ ಬರುವ ಗಂಟು ಊರಿನ ಟ್ರ್ಯಾಕ್ಟರ್ ಚಾಲಕನದಕ್ಕಿಂತ ದೊಡ್ಡದು. ಮನೆಗೆ ಹೆಂಚು ಹೋಗಿ ತಾರಸಿ ಬರುವುದು, ತಂಗಿಯ ಮದುವೆ ಮುಗಿಯುವುದು ಈ ಗಂಟಿನಿಂದ. ದಿನಗೂಲಿಯ ಚಿಲ್ಲರೆ ಸಂಜೆಯೊಳಗೆ ಅಂಗಡಿ ಸೇರಿಬಿಡುತ್ತದೆ. ದೂರದ ದುಡ್ಡು ಒಟ್ಟಾಗಿ ಬರುತ್ತದೆ. ದೂರ ಹೋಗುವವನ ವಾದದಲ್ಲಿ ಗಟ್ಟಿಯಾದ ಮಾತು ಇದೊಂದೇ, ಮತ್ತು ಇದನ್ನು ತಳ್ಳಿಹಾಕುವಂತಿಲ್ಲ.

ಲೆಕ್ಕದ ಇನ್ನೊಂದು ಬದಿ ಪುಸ್ತಕದಲ್ಲಿ ಬರೆಯುವಂಥದಲ್ಲ. ಬೆನ್ನು, ಮೊಣಕಾಲು, ಕೆಟ್ಟ ನಿದ್ದೆ, ಗಡಿಗಳಲ್ಲಿ ಕೊಡಬೇಕಾದ ಮಾಮೂಲು. ಮೋಟಾರು ಸಾರಿಗೆ ಕಾರ್ಮಿಕರ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು 1961ರಲ್ಲೇ ಕಾಯ್ದೆ ಆಗಿತ್ತು. ಆದರೆ ಐದು ಜನರಿಗಿಂತ ಕಡಿಮೆ ನೌಕರರಿದ್ದ ಕಡೆ ಅದು ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕನ ಬಳಿ ಇರುವುದೇ ಒಬ್ಬ ಚಾಲಕ, ಒಬ್ಬ ಕ್ಲೀನರ್! ಯಾರಿಗೆ ಕಾಯ್ದೆ ಬೇಕಿತ್ತೋ ಅವರೇ ಅದರ ಹೊರಗೆ ಉಳಿದರು. ಚಾಲಕರ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವಾದದ್ದು 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ. ಹಳೆಯ ಲಾರಿಯವನಿಗೆ ಒದ್ದೆ ಟವಲ್ಲೇ ಗತಿ.

ಹಾಗಾದರೆ ಊರಲ್ಲೇ ಉಳಿಯಬಾರದೇ? ಸ್ಟೀರಿಂಗ್ ಬಲ್ಲವನಿಗೆ ಹತ್ತಿರದ ಕೆಲಸಗಳಿಗೆ ಬರವಿಲ್ಲ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಎಲ್ಲಕ್ಕಿಂತ ಮೇಲಿನದು ಸರ್ಕಾರಿ ಬಸ್ಸು. 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯಾಗಿ ಹುಟ್ಟಿ 1961ರಲ್ಲಿ ನಿಗಮವಾದ ಈ ಸಂಸ್ಥೆಯ ಖಾಕಿ ಅಂಗಿಗೆ ಹೆಣ್ಣು ಕೊಡುವವರ ಮನೆಯಲ್ಲಿ ಬೇರೆಯೇ ಮರ್ಯಾದೆ. ಆದರೆ ಅಲ್ಲಿ ಹುದ್ದೆ ಖಾಲಿಯಾಗುವುದು ಯಾವಾಗಲೋ, ಸ್ಪರ್ಧೆ ನೂರಾರು ಜನರದು. ಒಳಗೆ ಹೋದವರಿಗೂ ಕೊರಗುಗಳಿವೆ. 2021ರ ಏಪ್ರಿಲ್‌ನಲ್ಲಿ ಸಂಬಳದ ಬೇಡಿಕೆಗಾಗಿ ನೌಕರರು ದೀರ್ಘ ಮುಷ್ಕರ ಹೂಡಿದ್ದುಂಟು. ಉಳಿದಂತೆ ಹಾಲಿನ ವಾಹನ, ಶಾಲಾ ವಾಹನ, ಖಾಸಗಿ ಬಸ್ಸು, ಕಬ್ಬಿನ ಟ್ರ್ಯಾಕ್ಟರ್, ಜಲ್ಲಿ ಹೊರುವ ಟಿಪ್ಪರ್. ದಾರಿ ಹತ್ತಿರದ್ದಾದ ಮಾತ್ರಕ್ಕೆ ಅಪಾಯ ಕಡಿಮೆ ಎನ್ನುವಂತೆಯೂ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು.

ನಿಜವಾದ ತೊಡಕು ಬೇರೆ. ಹತ್ತಿರದ ಕೆಲಸ ಹತ್ತಿರವಿರುತ್ತದೆ, ಆದರೆ ನಿಲ್ಲುವುದಿಲ್ಲ. ಪಾಂಡವಪುರದ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದ ಮೇಲೆ ಮತ್ತೆ ಅರೆಯತೊಡಗಿತು. ಮಂಡ್ಯದ ಮೈಷುಗರ್ ಹೀಗೆಯೇ ಮುಚ್ಚಿದ್ದು 2022ರಲ್ಲಿ ಮತ್ತೆ ತೆರೆಯಿತು. ಕಾರ್ಖಾನೆ ನಿಂತಾಗ ಕಬ್ಬು ಬೆಳೆದವನ ಗೋಳು ಪತ್ರಿಕೆಯಲ್ಲಿ ಬರುತ್ತದೆ. ಆ ಕಬ್ಬನ್ನು ಸಾಗಿಸುತ್ತಿದ್ದವನ ಸುದ್ದಿ ಬರುವುದು ಅಪರೂಪ. ಬೇಬಿ ಬೆಟ್ಟದ ಸುತ್ತಿನ ಕಲ್ಲು ಗಣಿಗಳದು ಇನ್ನೊಂದು ಕಥೆ. ಅಲ್ಲಿನ ಸ್ಫೋಟಗಳಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೆಂಬ ಕೂಗು ಎದ್ದು, 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ 20 ಕಿ.ಮೀ. ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಕಟ್ಟೆ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ, ಅದಿಲ್ಲದೆ ಈ ಜಿಲ್ಲೆಯೇ ಇಲ್ಲ. ಆದರೆ ಟಿಪ್ಪರ್ ಓಡಿಸುತ್ತಿದ್ದವನಿಗೆ ಮರುದಿನದಿಂದ ಏನು ಎಂಬ ಪ್ರಶ್ನೆ ಆ ತೀರ್ಪಿನ ವ್ಯಾಪ್ತಿಗೆ ಬರುವಂಥದಲ್ಲ.

ದೂರದ ದಾರಿಯಾದರೂ ಕಾವೇರಿಯಿಂದ ತಪ್ಪಿಸಿಕೊಂಡಿದೆಯೇ ಎಂದರೆ ಅದೂ ಇಲ್ಲ. ಮಂಡ್ಯದ ಲಾರಿ ಕೆಎ-11, ನಾಗಮಂಗಲದ್ದು ಕೆಎ-54. 1991ರಲ್ಲಿ, ಮತ್ತೆ 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಭೆ ಹೊತ್ತಿಕೊಂಡಾಗ ಬೆಂಗಳೂರು–ಮೈಸೂರು ರಸ್ತೆ ಬಂದ್ ಆಯಿತು. 2016ರಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸು ಲಾರಿಗಳಿಗೆ ಬೆಂಕಿ ಬಿತ್ತು. ಗಡಿಯ ಎರಡೂ ಬದಿ ಲಾರಿಗಳು ಸಾಲುಗಟ್ಟಿ ನಿಂತವು. ಲಾರಿಯೊಳಗಿದ್ದವನು ತನ್ನ ಊರಿನ ಗದ್ದೆಗೆ ನೀರು ಬೇಕೆಂದು ಬಯಸುವವನೇ. ಅವನನ್ನು ಗುರುತಿಸಿದ್ದು ಮಾತ್ರ ನಂಬರ್ ಪ್ಲೇಟು.

ಮದುವೆಯ ಮಾತು ಬಿಟ್ಟರೆ ಈ ತೂಗಾಟ ಪೂರ್ತಿಯಾಗದು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುವ ಲಾರಿ ಚಾಲಕನಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಾರೆ ಎಂಬುದು ಹಳೆಯ ಮಾತು. ಈಗ ಊರಲ್ಲೇ ಉಳಿದು ಬೇಸಾಯ ಮಾಡುವವನಿಗೂ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದು ನಗೆಯ ಸುದ್ದಿಯಾಗಿ ಹರಡಿತು. ಹೋದವರಿಗೆ ಅದು ನಗೆಯಾಗಿರಲಿಲ್ಲ. ಹೆಣ್ಣಿನ ಮನೆಯವರು ಕೇಳುವುದು ಬೆಂಗಳೂರಿನ ಕೆಲಸ, ತಿಂಗಳ ಸಂಬಳ. ಈ ಎರಡರ ನಡುವಿನ ಹಾದಿಯಾಗಿ ಬಂದದ್ದು ಬೆಂಗಳೂರಿನ ಟ್ಯಾಕ್ಸಿ. 2013ರ ಸುಮಾರಿಗೆ ಮೊಬೈಲಿನಲ್ಲಿ ಕರೆಯುವ ಟ್ಯಾಕ್ಸಿಗಳು ಬಂದಾಗ ಸಾಲ ಮಾಡಿ ಕಾರು ಕೊಂಡವರಲ್ಲಿ ಮಂಡ್ಯ, ಹಾಸನ ಕಡೆಯವರು ಕಡಿಮೆಯಿರಲಿಲ್ಲ. ಊರು ಎರಡು ಮೂರು ಗಂಟೆಯ ದಾರಿ, ಹಬ್ಬಕ್ಕೆ ಬರಬಹುದು. ಮೊದಮೊದಲು ಕಂಪನಿಗಳು ಕೊಟ್ಟ ಪ್ರೋತ್ಸಾಹ ಧನ ಇಳಿದ ಮೇಲೆ ಕಾರಿನ ಕಂತು ಕಟ್ಟುವುದೇ ಹಲವರಿಗೆ ಪಾಡಾಯಿತು.

2020ರ ಮೇ ತಿಂಗಳಲ್ಲಿ ದೂರ ಹೋದವರೆಲ್ಲ ಒಟ್ಟಿಗೆ ಮರಳಿದರು. ಕೊರೊನಾ ಕಾಲದಲ್ಲಿ ಮುಂಬೈನಿಂದ ಬಂದವರಿಂದಾಗಿ ಕೃಷ್ಣರಾಜಪೇಟೆ, ನಾಗಮಂಗಲಗಳ ಹೆಸರು ದಿನವೂ ಸುದ್ದಿಯಲ್ಲಿತ್ತು. ಒಣ ತಾಲ್ಲೂಕುಗಳಿಂದ ಎಷ್ಟು ಜನ ಹೊರಗಿದ್ದರು ಎಂಬುದು ಹೊರಗಿನವರಿಗೆ ತಿಳಿದದ್ದೇ ಆಗ. ಊರ ಬಾಗಿಲಲ್ಲಿ ಮುಳ್ಳು ಹಾಕಿದವರಿದ್ದರು, ಬುತ್ತಿ ಕೊಟ್ಟವರೂ ಇದ್ದರು. ಅಂಥ ದಿನಗಳಲ್ಲೂ ಓಡಾಟ ನಿಲ್ಲಿಸದಿದ್ದವರು ಲಾರಿಯವರು ಮತ್ತು ಹಾಲಿನವರು. ಬೆಳ್ಳೂರು ಕ್ರಾಸಿನ ಆ ಇಬ್ಬರೇ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೊ, ಎತ್ತಿನ ಗಾಡಿ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅಲ್ಲಿಯವರೆಗೆ ಒಂದೇ ರಸ್ತೆಯಲ್ಲಿ ಒಂದರ ಹಿಂದೊಂದು ಸಾಗುತ್ತಿದ್ದ ಊರ ಗಾಡಿ, ದೂರದ ಲಾರಿಗಳು ಈಗ ಎರಡು ರಸ್ತೆಗಳ ಪಾಲಾಗಿವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ ಲಾರಿ ಸುಂಕ ಕಟ್ಟಿ ಮುಂದೆ ಹೋಗುತ್ತದೆ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಂಡ ತಪ್ಪಿಸುತ್ತ ತೆವಳುತ್ತದೆ; ಅದರ ಚಾಲಕ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಎಷ್ಟು ಹೊತ್ತು ಕಾದರೂ ಆ ರಾತ್ರಿಯೋ ಮರುದಿನವೋ ಮನೆ ಸೇರುತ್ತಾನೆ, ಕಾರ್ಖಾನೆ ಅರೆಯುತ್ತಿರುವವರೆಗೆ.