ಸೇವಕನಿಂದ ಸ್ವಾವಲಂಬನೆಯೆಡೆಗೆ

ಉಮವಿ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ (ಕ್ರಿ.ಶ. 705-715) ಅವರ ಆಡಳಿತದ ಕುರಿತು ಇತಿಹಾಸಕಾರ ತಬರಿಯವರು ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಕುಷ್ಠರೋಗಿಗಳು ಜನರ ಮುಂದೆ ಕೈಚಾಚದಂತೆ ಖಲೀಫರು ಅವರಿಗೆ ನೆರವು ನೀಡಿದರು. ನಡೆಯಲಾಗದ ಪ್ರತಿಯೊಬ್ಬನಿಗೂ ಒಬ್ಬ ಸೇವಕನನ್ನು, ಪ್ರತಿಯೊಬ್ಬ ಅಂಧನಿಗೂ ಒಬ್ಬ ಮಾರ್ಗದರ್ಶಕನನ್ನು ನೇಮಿಸಿದರು. ಅಶಕ್ತರ ಹೊಣೆ ಸಮಾಜದ್ದು ಎಂಬ ಅರಿವಿಗೆ ಇದೊಂದು ಉಜ್ವಲ ನಿದರ್ಶನ.

ಆದರೆ ಸೇವಕನು ಬಳಿಯಿಲ್ಲದಾಗ ಆ ವ್ಯಕ್ತಿ ಏನು ಮಾಡಬೇಕು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಆಧುನಿಕ ಪುನರ್ವಸತಿ ವೈದ್ಯಶಾಸ್ತ್ರ. ಔಷಧಿ ಮತ್ತು ಶಸ್ತ್ರಚಿಕಿತ್ಸೆಗಳು ತಮ್ಮ ಪಾಲಿನ ಕೆಲಸ ಮುಗಿಸಿದ ಬಳಿಕ, ದೇಹದಲ್ಲಿ ಉಳಿದಿರುವ ಶಕ್ತಿಯಿಂದಲೇ ಏಳುವುದನ್ನು, ಉಣ್ಣುವುದನ್ನು, ದುಡಿಯುವುದನ್ನು ರೋಗಿಗೆ ಮರಳಿ ಕಲಿಸುವುದು ಇದರ ಗುರಿ.

ದ್ವಿತೀಯ ಮಹಾಯುದ್ಧದ ಗಾಯಾಳುಗಳು ಈ ಶಾಸ್ತ್ರದ ಬೆಳವಣಿಗೆಗೆ ಕಾರಣರಾದರು. ಅದುವರೆಗೆ ಬೆನ್ನುಹುರಿ ಮುರಿದವರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗನೆ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅಂತಹವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಕ್ರಮ ತಂದರು. ಬದುಕುಳಿದವರನ್ನು ಕೆಲಸಕ್ಕೂ ಕ್ರೀಡೆಗೂ ಹಚ್ಚಿದರು. ಅಮೆರಿಕದಲ್ಲಿ ಡಾ. ಹೊವಾರ್ಡ್ ರಸ್ಕ್ ಇದೇ ಹಾದಿಯಲ್ಲಿ ದುಡಿದರು.

ರಸ್ಕ್ ಅವರ ಬಳಿ ಕಲಿತು ಈ ವಿದ್ಯೆಯನ್ನು ವೆಲ್ಲೂರಿಗೆ ತಂದವರು ಡಾ. ಮೇರಿ ವರ್ಗೀಸ್. 1954ರ ರಸ್ತೆ ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಅವರ ಕಾಲುಗಳು ಸ್ವಾಧೀನ ತಪ್ಪಿದ್ದವು. ಆದರೂ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ವಿಭಾಗವನ್ನು ಮುನ್ನಡೆಸಿದರು. 1966ರಲ್ಲಿ ಅಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಈ ಇತಿಹಾಸದಿಂದ ನಾವು ಕಲಿಯಬೇಕಾದದ್ದಿದೆ. ಪಾರ್ಶ್ವವಾಯು ಬಡಿದ ಹಿರಿಯರನ್ನು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ನೋಡಿಕೊಳ್ಳುತ್ತೇವೆ. ತುತ್ತು ಬಾಯಿಗಿಡುತ್ತೇವೆ, ಮುಖ ತೊಳೆಸುತ್ತೇವೆ, ಏಳಲು ಹೊರಟರೆ ಬೇಡವೆನ್ನುತ್ತೇವೆ. ಅವರಿಂದ ಆಗದ್ದನ್ನು ಮಾಡಿಕೊಡುವುದು ಸೇವೆ. ಆಗುವುದನ್ನೂ ನಾವೇ ಮಾಡಿಬಿಟ್ಟರೆ ಉಳಿದ ಶಕ್ತಿಯೂ ಕುಂದುತ್ತದೆ. ವೈದ್ಯರು ಕಲಿಸಿದ ವ್ಯಾಯಾಮವನ್ನು ಬೇಸರಿಸದೆ ದಿನವೂ ಮಾಡಿಸೋಣ. ವುಝೂವಿಗೆ ಅವರೇ ನೀರು ಮೊಗೆದುಕೊಳ್ಳಲಿ, ತಡವಾದರೂ ಸರಿ. ತಂಬಿಗೆಯನ್ನು ಅವರ ಕೈಗೆಟಕುವಲ್ಲಿ ಇಟ್ಟು, ಬೀಳದಂತೆ ಪಕ್ಕದಲ್ಲಿ ನಿಲ್ಲುವುದು ನಮ್ಮ ಹೊಣೆ.