ಎರಡನೆಯ ಸಲ ನುಡಿಸುವವರು

ಹ್ಯಾರಿಸ್ ಪಾರ್ಕ್ ಎಂದರೆ ಸಿಡ್ನಿಯ ನಮ್ಮವರಿಗೆ ಇಂದು ವಿಗ್ರಾಮ್ ಸ್ಟ್ರೀಟಿನ ದೋಸೆ, ಚಾಟು, ಮಿಠಾಯಿ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಮೂಲನಿವಾಸಿ ಡರುಗ್ ಜನರ ನೆಲದ ಮೇಲೆ, 1793ರಲ್ಲಿ ಕಟ್ಟಿದ ಎಲಿಜಬೆತ್ ಫಾರ್ಮ್ ನಿಂತಿದೆ. ಈಗ ಅದು ಮ್ಯೂಸಿಯಂ. ಆದರೂ ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸುವ ಪದ್ಧತಿ ಅಲ್ಲಿಲ್ಲ. ಹಜಾರದ ಕುರ್ಚಿಯಲ್ಲಿ ಕೂತೇ ನೋಡಬಹುದು. ಈ ಮನೆಯ ಒಡತಿ ಎಲಿಜಬೆತ್ ಮಕಾರ್ಥರ್‌ಗೆ 1791ರಲ್ಲಿ ಒಂದು ಪಿಯಾನೊ ಸಿಕ್ಕಿತ್ತು. 1788ರ ಮೊದಲ ಹಡಗುದಂಡಿನ ‘ಸಿರಿಯಸ್’ನಲ್ಲಿ ಅದನ್ನು ತಂದಿದ್ದ ವೈದ್ಯ ಜಾರ್ಜ್ ವೋರ್ಗನ್, ಊರಿಗೆ ಮರಳುವ ಮುನ್ನ ಆಕೆಗೆ ಪಾಠ ಹೇಳಿಕೊಟ್ಟು, ವಾದ್ಯವನ್ನೂ ಬಿಟ್ಟುಹೋದ. ರಾಜಗೀತೆಯನ್ನೂ ಒಂದು ಮಿನುಯೆಟ್ ನೃತ್ಯದ ಮಟ್ಟನ್ನೂ ಕಲಿತೆನೆಂದು ಆಕೆ ಗೆಳತಿಗೆ ಪತ್ರ ಬರೆದಳು. ಎರಡೂ ಬೇರೆಯವರ ರಚನೆಗಳು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ‘ಒಂದು ಹಾಡು ಹೇಳಮ್ಮ’ ಎನ್ನುತ್ತಿದ್ದರಲ್ಲ, ಆ ಲೆಕ್ಕವೇ ಅಲ್ಲಿಯದೂ. ನುಡಿಸುವ ಹೆಣ್ಣು ಮನೆಗೆ ಶೋಭೆ. ಏನಾದರೂ ಕಟ್ಟಿದ್ದೀಯಾ ಎಂದು ಕೇಳುವ ವಾಡಿಕೆ ಮಾತ್ರ ಎರಡು ಕಡೆಯೂ ಇರಲಿಲ್ಲ.

ಆದರೂ ಕಟ್ಟಿದವರಿದ್ದರು. ಕೋಣೆಯೇ ಅವರ ಲೋಕವಾಗಿದ್ದರಿಂದ ಹೆಚ್ಚಾಗಿ ಕೋಣೆಗೆ ಒಪ್ಪುವುದನ್ನೇ ಕಟ್ಟಿದರು. ಪಿಯಾನೊ, ವಯೊಲಿನ್, ಚೆಲ್ಲೊ ಸೇರಿದ ಟ್ರಯೋಗೆ ರಾಜನ ಕೃಪೆ ಬೇಡ, ದಂಡ ಹಿಡಿದ ನಿರ್ದೇಶಕನೂ ಬೇಡ. ಮೂವರು ಒಬ್ಬರ ಉಸಿರನ್ನೊಬ್ಬರು ಗಮನಿಸಿ ಒಟ್ಟಿಗೆ ಎತ್ತಿಕೊಂಡರೆ ಸಾಕು. ಕ್ಲಾರಾ ಶೂಮನ್ 1846ರಲ್ಲಿ ಒಂದು ಟ್ರಯೋ ಬರೆದಳು. ಮರುವರ್ಷ ಗಂಡ ರಾಬರ್ಟ್ ಬರೆದದ್ದರ ಮುಂದೆ ತನ್ನದು ಅವಳಿಗೇ ಸಪ್ಪೆಯಾಗಿ ಕಂಡಿತು. ಫ್ಯಾನಿ ಮೆಂಡೆಲ್ಸನ್ ತಂಗಿಯ ಹುಟ್ಟುಹಬ್ಬಕ್ಕೆಂದು ಬರೆದ ಟ್ರಯೋವನ್ನು 1847ರ ಏಪ್ರಿಲ್‌ನಲ್ಲಿ ಮನೆಯಲ್ಲೇ ನುಡಿಸಿದರು. ಮೇ ತಿಂಗಳಲ್ಲಿ ಫ್ಯಾನಿ ತೀರಿಕೊಂಡಳು, ಕೃತಿ 1850ರಲ್ಲಿ ಅಚ್ಚಾಯಿತು. ಎರಡೂ ಅಚ್ಚು ಕಂಡ ಕೃತಿಗಳೇ. ಆದರೆ ಅಚ್ಚಾದ ಮಾತ್ರಕ್ಕೆ ಸಂಗೀತ ಬದುಕಿತು ಎನ್ನಲಾಗದು. ಮೊದಲ ಕಛೇರಿಗೆ ಕುತೂಹಲಕ್ಕಾದರೂ ಜನ ಬಂದಾರು. ಎರಡನೆಯ, ಹತ್ತನೆಯ ಸಲ ಅದನ್ನೇ ಎತ್ತಿಕೊಳ್ಳುವ ಕೈಗಳು ಬೇಕು. ಆ ಕೈಗಳು ಸಿಗಲು ನೂರೈವತ್ತು ವರ್ಷದ ಹತ್ತಿರ ಹಿಡಿಯಿತು. ಬ್ರಿಸ್ಬೇನಿನ ಮ್ಯೂಸಸ್ ಟ್ರಯೋದಂಥ ತಂಡಗಳು ಮಹಿಳೆಯರ ಕೃತಿಗಳಿಗೇ ಮುಡಿಪಾಗಿ, ಹೊಸದನ್ನೂ ಬರೆಸುತ್ತಿರುವುದನ್ನು ನಾನು ನೋಡುವುದು ಈ ದೃಷ್ಟಿಯಿಂದ. ಅದು ಉಪಕಾರವಲ್ಲ, ನಿಂತುಹೋದ ರೂಢಿಯೊಂದನ್ನು ಮತ್ತೆ ಶುರುಮಾಡುವ ಕೆಲಸ.

ಗುಣವಿದ್ದರೆ ತಾನಾಗಿಯೇ ಉಳಿಯುತ್ತಿತ್ತಲ್ಲ ಎನ್ನುವವರಿದ್ದಾರೆ. ಇದಕ್ಕೆ 1919ರ ಅಮೆರಿಕದ ಒಂದು ಸಂಗೀತರಚನಾ ಸ್ಪರ್ಧೆಯೇ ಉತ್ತರ. ಬಂದದ್ದು 72 ಕೃತಿಗಳು, ಯಾವುದರ ಮೇಲೂ ಹೆಸರಿಲ್ಲ. ತೀರ್ಪುಗಾರರ ಮತ ಎರಡು ಕೃತಿಗಳ ನಡುವೆ ಸಮಸಮ ಬಿತ್ತು. ಸ್ಪರ್ಧೆ ಏರ್ಪಡಿಸಿದ್ದ ಎಲಿಜಬೆತ್ ಕೂಲಿಜ್ ಕೊನೆಯ ಮತ ಹಾಕಿ ಅರ್ನೆಸ್ಟ್ ಬ್ಲಾಕ್‌ನನ್ನು ಗೆಲ್ಲಿಸಿದಳು. ಲಕೋಟೆ ಒಡೆದು ನೋಡಿದರೆ ಇನ್ನೊಂದು ಕೃತಿ ರೆಬೆಕಾ ಕ್ಲಾರ್ಕ್‌ಳದು. ಹೆಂಗಸು ಇಂಥದ್ದನ್ನು ಬರೆದಾಳೇ, ಇದು ಯಾರದೋ ಗುಪ್ತನಾಮವಿರಬೇಕೆಂದು ಆಗ ಗುಸುಗುಸು ಎದ್ದಿತು. 1921ರಲ್ಲಿ ಅದೇ ಸ್ಪರ್ಧೆಯಲ್ಲಿ ಅವಳ ಟ್ರಯೋಗೂ ಎರಡನೆಯ ಸ್ಥಾನ. ಹೆಸರು ಮುಚ್ಚಿದಾಗ ಕಂಡ ಗುಣ ಹೆಸರು ತೆರೆದ ಕೂಡಲೇ ಸಂಶಯವಾಯಿತು. ಆಮೇಲೆ ಮೌನ, 1976ರ ಒಂದು ರೇಡಿಯೋ ಕಾರ್ಯಕ್ರಮದಿಂದ ಜನ ಅವಳನ್ನು ಮತ್ತೆ ಕಂಡುಕೊಂಡಾಗ ಅವಳಿಗೆ ತೊಂಬತ್ತು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಮಹಿಳೆಯರದನ್ನೇ ಬೇರೆ ಪಂಕ್ತಿಯಲ್ಲಿ ಬಡಿಸಿದರೆ ಅದೂ ಒಂದು ಕೋಣೆಯೇ ಅಲ್ಲವೇ? ಹೌದು, ಅಪಾಯವಿದೆ. ಆದರೆ ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಹಾಡುಗಳು ನಮ್ಮವರೆಗೆ ಬಂದದ್ದು ಹೇಗೆ? ದೊಡ್ಡ ಕಛೇರಿಯ ವಿದ್ವಾಂಸರಿಗಿಂತ ಮೊದಲು ಅವನ್ನು ಕಾದುಕೊಂಡವರು ಆರತಿಗೆ, ಹಸೆಗೆ, ಶುಕ್ರವಾರದ ಪೂಜೆಗೆ ಸೇರಿ ಹಾಡುತ್ತಿದ್ದ ಹೆಂಗಸರು. ಅದೂ ಬೇರೆ ಪಂಕ್ತಿಯೇ. ಮದುವೆ ಮುಂಜಿಗಳಲ್ಲಿ ಮತ್ತೆ ಮತ್ತೆ ಹಾಡಿದ್ದರಿಂದಲೇ ಮುಂದೆ ಅವು ಪುಸ್ತಕಕ್ಕೂ ವೇದಿಕೆಗೂ ಬಂದವು. ಇದಿಲ್ಲದೆ ಎಲ್ಲರೂ ಒಂದೇ ಪಂಕ್ತಿ ಎಂದು ಸಾರಿದ್ದರೆ ಎಲೆಯೇ ಖಾಲಿ ಇರುತ್ತಿತ್ತು.

ರೂಢಿಯಿಲ್ಲದೆ ಕಳೆದುಹೋಗುವುದು ಹೇಗೆಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಮೆಲ್ಬರ್ನಿನದು. ಗಿರೀಶ ಕಾರ್ನಾಡರ ‘ಹಯವದನ’ದ ಹಿಂದೆ ಕಥಾಸರಿತ್ಸಾಗರವೂ ಥಾಮಸ್ ಮಾನ್‌ನ ಕಿರುಕಾದಂಬರಿಯೂ ಇವೆ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಅದೇ ಕಿರುಕಾದಂಬರಿಯನ್ನು ಮೆಲ್ಬರ್ನಿನಲ್ಲಿ 1912ರಲ್ಲಿ ಹುಟ್ಟಿದ ಪೆಗಿ ಗ್ಲಾನ್‌ವಿಲ್-ಹಿಕ್ಸ್ ಆಪೆರಾ ಮಾಡಿದ್ದಳು. ತಲೆ ಅದಲುಬದಲಾದ ಆ ಕಥೆಯ ಗಂಡಸರಿಬ್ಬರೂ ಅವರ ನಡುವಿನ ಹೆಣ್ಣೂ 1954ರಲ್ಲೇ ಅಮೆರಿಕದ ಲೂಯಿವಿಲ್‌ನಲ್ಲಿ ರಂಗದ ಮೇಲೆ ಹಾಡಿದ್ದರು. ನಮ್ಮ ಹಯವದನ ಬಂದದ್ದು 1971ರಲ್ಲಿ. ಕಾರ್ನಾಡರ ನಾಟಕವನ್ನು ಹವ್ಯಾಸಿ ತಂಡಗಳು ವರ್ಷ ವರ್ಷ ಕಟ್ಟಿ ಆಡಿದವು. ಪೆಗಿಯ ಆಪೆರಾಗೆ ಹಾಡುಗಾರರು, ವಾದ್ಯವೃಂದ, ಹಣ ಎಲ್ಲವೂ ಬೇಕು, ಟ್ರಯೋದ ಹಾಗೆ ಮೂರು ಕುರ್ಚಿಯಲ್ಲಿ ಮುಗಿಯುವ ಮಾತಲ್ಲ. ಆಕೆ 1990ರಲ್ಲಿ ಸಿಡ್ನಿಯಲ್ಲಿ ತೀರಿಕೊಂಡಳು. ಪ್ಯಾಡಿಂಗ್ಟನ್‌ನ ತನ್ನ ಮನೆಯನ್ನು ಸಂಗೀತ ರಚಿಸುವವರು ಬಂದು ಇದ್ದು ಬರೆಯಲೆಂದು ಬಿಟ್ಟುಹೋದಳು.